ಕಾಣದುದರ ಗುರುತು

ಚಿಕ್ಕಮಗಳೂರು ಜಿಲ್ಲೆಯ ತರೀಕೆರೆ ತಾಲ್ಲೂಕಿನಲ್ಲಿ ಲಿಂಗದಹಳ್ಳಿ ಎಂಬ ಊರಿದೆ. ಬಯಲುಸೀಮೆ ಮುಗಿದು ಮಲೆನಾಡು ಮೊದಲಾಗುವ ಎಡೆ ಅದು. ಊರಿನ ಸುತ್ತ ಅಡಕೆ, ತೆಂಗಿನ ತೋಟಗಳು. ತಲೆಯೆತ್ತಿ ನೋಡಿದರೆ ಬಾಬಾಬುಡನ್ ಗಿರಿಗಳ ನೀಲಿ ಸಾಲು. ಅಲ್ಲಿಂದ ಹೊರಟ ರಸ್ತೆಯೊಂದು ಕಲ್ಲತ್ತಿಗಿರಿಯ ಜಲಪಾತದ ಬಳಿ ಹಾದು ಕೆಮ್ಮಣ್ಣುಗುಂಡಿಗೆ ಏರುತ್ತದೆ. ಆ ಗಿರಿಗಳ ಮಗ್ಗುಲಲ್ಲಿ ಭದ್ರಾ ಅಭಯಾರಣ್ಯ ಹಬ್ಬಿಕೊಂಡಿದೆ. ಆ ಕಾಡಿನಲ್ಲಿ ಹುಲಿಗಳಿವೆ ಎಂಬ ಮಾತನ್ನು ಆ ಸೀಮೆಯ ಮಕ್ಕಳೆಲ್ಲರೂ ಬಲ್ಲರು. ಆದರೆ, "ನಿಮ್ಮಲ್ಲಿ ಎಷ್ಟು ಮಂದಿ ಕಾಡಿನಲ್ಲಿ ಹುಲಿಯನ್ನು ಕಣ್ಣಾರೆ ಕಂಡಿದ್ದೀರಿ?" ಎಂದು ತರಗತಿಯಲ್ಲಿ ಕೇಳಿದರೆ ಮೇಲೇಳುವ ಕೈಗಳು ಬಹು ಕಡಿಮೆ. ಹಾಗಾದರೆ ಹುಲಿ ಇದೆಯೆಂದು ತಿಳಿದುದು ಹೇಗೆ? ಕೆಸರಿನಲ್ಲಿ ಮೂಡಿದ ಹೆಜ್ಜೆಯಿಂದ, ಮರದ ತೊಗಟೆಯ ಮೇಲಿನ ಉಗುರಿನ ಗೀರಿನಿಂದ, ಇರುಳಿನಲ್ಲಿ ಜಿಂಕೆ ಬೆದರಿ ಕೂಗುವ ಕೂಗಿನಿಂದ. ಹುಲಿ ಕಾಣಲಿಲ್ಲ, ಅದರ ಗುರುತು ಕಂಡಿತು.

ಕಾಣದುದನ್ನು ಕುರಿತು ಮನುಷ್ಯನು ಎರಡು ಬಗೆಯಲ್ಲಿ ತಪ್ಪುವುದುಂಟು. ಕಣ್ಣಿಗೆ ಬೀಳದುದು ಇಲ್ಲವೇ ಇಲ್ಲವೆಂದು ತಳ್ಳಿಹಾಕುವುದು ಒಂದು ತಪ್ಪು. ಯಾವ ಗುರುತನ್ನೂ ಕೇಳದೆ, ಯಾರೋ ಹೇಳಿದರೆಂದು, ಕಾಣದುದನ್ನು ನಂಬಿಬಿಡುವುದು ಇನ್ನೊಂದು ತಪ್ಪು. ವಿಜ್ಞಾನದ ದಾರಿ ಈ ಎರಡರ ನಡುವೆ ಸಾಗುತ್ತದೆ. ಕಾಣದುದೂ ಇರಬಹುದು, ಆದರೆ ಅದು ಇದೆ ಎನ್ನುವವನು ಗುರುತನ್ನು ತೋರಿಸಬೇಕು, ಆ ಗುರುತು ಬೇರೊಂದರದಲ್ಲವೆಂದು ಪರೀಕ್ಷಿಸಿಯೂ ಇರಬೇಕು. ಇದೇ ಅದರ ನಿಯಮ. ಜೀವವಿಜ್ಞಾನ, ಭೌತವಿಜ್ಞಾನ, ಖಗೋಳವಿಜ್ಞಾನ, ಮನೋವಿಜ್ಞಾನ ಎಂಬ ಶಾಸ್ತ್ರಗಳು ಬೇರೆ ಬೇರೆಯಾಗಿ ಕಂಡರೂ ಅವೆಲ್ಲವೂ ಪಾಲಿಸುವ ನಿಯಮ ಇದೊಂದೇ. ನಮ್ಮ ಕನ್ನಡ ನಾಡಿನಲ್ಲಿ ನಡೆದ, ಅಥವಾ ನಮ್ಮ ನಾಡಿನವರು ನಡೆಸಿದ ನಾಲ್ಕು ಸಂಶೋಧನೆಗಳ ಕಥೆಯಿಂದ ಇದನ್ನು ತಿಳಿಯಬಹುದು.

ಮೊದಲು ಹುಲಿಯ ಕಥೆಯನ್ನೇ ನೋಡೋಣ. ಕಾಡಿನಲ್ಲಿ ಹುಲಿ ಇದೆಯೇ ಎಂಬ ಪ್ರಶ್ನೆಗೆ ಒಂದು ಹೆಜ್ಜೆಯ ಗುರುತು ಸಾಕು. ಆದರೆ ಹುಲಿಗಳು ಎಷ್ಟಿವೆ ಎಂಬ ಪ್ರಶ್ನೆ ಹಾಗಲ್ಲ. ನಮ್ಮ ದೇಶದಲ್ಲಿ ಬಹುಕಾಲ ಹೆಜ್ಜೆಯ ಗುರುತುಗಳಿಂದಲೇ ಹುಲಿಗಳನ್ನು ಎಣಿಸುತ್ತಿದ್ದರು. ಕಾಡಿನ ಹಾದಿಯಲ್ಲಿ ಮೂಡಿದ ಹೆಜ್ಜೆಯ ಆಕಾರವನ್ನು ಗಾಜಿನ ಮೇಲೆ ಬರೆದುಕೊಂಡು, ಈ ಹೆಜ್ಜೆ ಈ ಹುಲಿಯದು, ಆ ಹೆಜ್ಜೆ ಆ ಹುಲಿಯದು ಎಂದು ಬೇರ್ಪಡಿಸುತ್ತಿದ್ದರು. ಆದರೆ ಒಂದೇ ಹುಲಿಯ ಹೆಜ್ಜೆ ಮರಳಿನಲ್ಲಿ ಒಂದು ಬಗೆಯಾಗಿಯೂ ಒದ್ದೆ ಮಣ್ಣಿನಲ್ಲಿ ಇನ್ನೊಂದು ಬಗೆಯಾಗಿಯೂ ಮೂಡುತ್ತದೆ. ಗಟ್ಟಿ ನೆಲದ ಮೇಲೆ ಮೂಡುವುದೇ ಇಲ್ಲ. ಗುರುತೇನೋ ನಿಜವಾದುದು, ಅದನ್ನು ಓದುವ ಕ್ರಮ ಮಾತ್ರ ನೆಚ್ಚತಕ್ಕದ್ದಾಗಿರಲಿಲ್ಲ. ಇದರ ಫಲವೇನಾಯಿತೆಂಬುದು 2005ರಲ್ಲಿ ದೇಶಕ್ಕೆಲ್ಲ ತಿಳಿಯಿತು. ರಾಜಸ್ಥಾನದ ಸರಿಸ್ಕಾ ಕಾಡಿನಲ್ಲಿ ಹುಲಿಗಳಿವೆಯೆಂದು ದಾಖಲೆಗಳು ಹೇಳುತ್ತಿದ್ದವು. ಹುಡುಕಿ ನೋಡಿದಾಗ ಅಲ್ಲಿ ಒಂದು ಹುಲಿಯೂ ಉಳಿದಿರಲಿಲ್ಲ. ಕಳ್ಳಬೇಟೆಗಾರರು ಕಾಡನ್ನು ಬರಿದು ಮಾಡಿದ್ದರು. ಲೆಕ್ಕದ ಪುಸ್ತಕದಲ್ಲಿ ಮಾತ್ರ ಹುಲಿಗಳು ಜೀವಂತವಾಗಿದ್ದವು.

ಇದಕ್ಕೆ ಹಲವು ವರ್ಷಗಳ ಮೊದಲೇ ಕನ್ನಡಿಗರೊಬ್ಬರು ಬೇರೊಂದು ಗುರುತಿನ ಬೆನ್ನು ಹತ್ತಿದ್ದರು. ಅವರು ಕೆ. ಉಲ್ಲಾಸ ಕಾರಂತರು, ಸಾಹಿತಿ ಶಿವರಾಮ ಕಾರಂತರ ಪುತ್ರರು, ಇಂಜಿನಿಯರಿಂಗ್ ಓದಿ, ಅನಂತರ ವನ್ಯಜೀವಿಗಳ ಅಧ್ಯಯನಕ್ಕೆ ತಮ್ಮ ಬಾಳನ್ನು ಮೀಸಲಿಟ್ಟವರು. ಹುಲಿಯ ಮೈಮೇಲಿನ ಪಟ್ಟೆಗಳು ನಮ್ಮ ಬೆರಳಚ್ಚಿನಂತೆ. ಒಂದರ ಪಟ್ಟೆಯ ವಿನ್ಯಾಸ ಇನ್ನೊಂದಕ್ಕಿರುವುದಿಲ್ಲ. ಕಾಡಿನ ಹಾದಿಯ ಎರಡೂ ಬದಿಗೆ ಕ್ಯಾಮರಾಗಳನ್ನು ಕಟ್ಟಿ, ಪ್ರಾಣಿ ನಡುವೆ ಹಾದೊಡನೆ ಅವು ತಾವಾಗಿಯೇ ಚಿತ್ರ ತೆಗೆಯುವಂತೆ ಏರ್ಪಡಿಸಿದರು. ಎರಡು ಬದಿಗೂ ಕ್ಯಾಮರಾ ಏಕೆ? ಹುಲಿಯ ಎಡಮೈಯ ಪಟ್ಟೆಗಳೂ ಬಲಮೈಯ ಪಟ್ಟೆಗಳೂ ಒಂದೇ ತೆರನಾಗಿಲ್ಲ. ಒಂದೇ ಬದಿಯ ಚಿತ್ರವಿದ್ದರೆ ಒಂದು ಹುಲಿಯನ್ನು ಎರಡೆಂದು ಎಣಿಸುವ ಅಪಾಯವುಂಟು. ಮೊದಲು ನಾಗರಹೊಳೆಯಲ್ಲಿ ನಡೆಸಿದ ಈ ಅಧ್ಯಯನದ ಫಲಿತಾಂಶವನ್ನು ಅವರು 1995ರಲ್ಲಿ ಪ್ರಕಟಿಸಿದರು. ಅನಂತರ ಭದ್ರಾ ಕಾಡಿನಲ್ಲಿಯೂ ಈ ಕೆಲಸ ನಡೆಯಿತು.

ಆದರೂ ಎಲ್ಲ ಹುಲಿಗಳೂ ಕ್ಯಾಮರಾದ ಮುಂದೆ ಬರುತ್ತವೆಯೆ? ಬರುವುದಿಲ್ಲ. ಬಾರದ ಹುಲಿಗಳನ್ನು ಎಣಿಸುವುದು ಹೇಗೆ? ಇದನ್ನು ನೀವು ಮನೆಯಲ್ಲಿಯೇ ಪರೀಕ್ಷಿಸಬಹುದು. ಒಂದು ಪಾತ್ರೆಯ ತುಂಬ ಅವರೆಕಾಳು ತೆಗೆದುಕೊಳ್ಳಿರಿ. ಅವುಗಳಲ್ಲಿ 40 ಕಾಳುಗಳನ್ನು ಆರಿಸಿ ಬಣ್ಣದ ಚುಕ್ಕೆಯಿಟ್ಟು ಮತ್ತೆ ಪಾತ್ರೆಗೆ ಹಾಕಿ ಚೆನ್ನಾಗಿ ಕಲಸಿರಿ. ಈಗ ಕಣ್ಣು ಮುಚ್ಚಿ ಮತ್ತೊಮ್ಮೆ 40 ಕಾಳುಗಳನ್ನು ತೆಗೆಯಿರಿ. ಅವುಗಳಲ್ಲಿ ಚುಕ್ಕೆಯಿರುವ ಕಾಳುಗಳು 8 ಎಂದಿಟ್ಟುಕೊಳ್ಳೋಣ. ಎಂದರೆ ತೆಗೆದ ಕಾಳುಗಳಲ್ಲಿ ಐದರಲ್ಲಿ ಒಂದು ಪಾಲು ಗುರುತಿನವು. ಇಡೀ ಪಾತ್ರೆಯಲ್ಲಿಯೂ ಹೆಚ್ಚು ಕಡಿಮೆ ಇದೇ ಪ್ರಮಾಣವಿರಬೇಕು. ಗುರುತಿನ ಕಾಳುಗಳು 40 ಆದುದರಿಂದ ಒಟ್ಟು ಕಾಳುಗಳು ಸುಮಾರು 200. ಮೊದಲ ಸಲ ಚಿತ್ರಕ್ಕೆ ಸಿಕ್ಕ ಹುಲಿ ಗುರುತಿಟ್ಟ ಕಾಳಿನಂತೆ. ಅದರ ಗುರುತನ್ನು ನಾವು ಇಡಬೇಕಾಗಿಲ್ಲ, ಪ್ರಕೃತಿಯೇ ಇಟ್ಟಿದೆ. ಅದೇ ಹುಲಿ ಮತ್ತೆ ಮತ್ತೆ ಎಷ್ಟು ಸಲ ಸಿಕ್ಕುತ್ತದೆ, ಹೊಸ ಹುಲಿಗಳು ಎಷ್ಟು ಸಿಕ್ಕುತ್ತವೆ ಎಂಬುದರಿಂದ, ಒಮ್ಮೆಯೂ ಸಿಕ್ಕದ ಹುಲಿಗಳ ಸಂಖ್ಯೆಯನ್ನು ಲೆಕ್ಕ ಹಾಕಬಹುದು. ಈ ಲೆಕ್ಕ ಒಂದು ಸಂಖ್ಯೆಯನ್ನು ಕೊಡುವುದರ ಜೊತೆಗೆ, ಅದು ಎಷ್ಟರ ಮಟ್ಟಿಗೆ ತಪ್ಪಿರಬಹುದೆಂಬುದನ್ನೂ ಹೇಳುತ್ತದೆ. ತನ್ನ ತಪ್ಪಿನ ಅಳತೆಯನ್ನು ತಾನೇ ಹೇಳುವುದು ಒಳ್ಳೆಯ ಲೆಕ್ಕದ ಲಕ್ಷಣ.

2006ರಿಂದ ದೇಶದ ಹುಲಿಗಣತಿಯಲ್ಲಿಯೂ ಹೆಜ್ಜೆಯ ಎಣಿಕೆಯನ್ನು ಬಿಟ್ಟು ಕ್ಯಾಮರಾಗಳನ್ನು ಬಳಸತೊಡಗಿದರು. 2022ರ ಗಣತಿಯಲ್ಲಿ ಕರ್ನಾಟಕದ ಹುಲಿಗಳು 563 ಎಂದು ಅಂದಾಜಾಯಿತು. ಭದ್ರಾ ಸೀಮೆಯವರಿಗೆ ಈ ಲೆಕ್ಕ ಬರಿಯ ಅಂಕಿಯಲ್ಲ. ಕಾಡಿನೊಳಗಿನ ಹಳ್ಳಿಗಳಲ್ಲಿ ಬಾಳಿದ ನಾನೂರಕ್ಕೂ ಹೆಚ್ಚು ಕುಟುಂಬಗಳು 2001–02ರ ಸುಮಾರಿಗೆ ತಮ್ಮ ಮನೆ, ಗದ್ದೆಗಳನ್ನು ಬಿಟ್ಟು ಲಕ್ಕವಳ್ಳಿಯ ಸಮೀಪದ ಎಂ. ಸಿ. ಹಳ್ಳಿ ಮೊದಲಾದ ಕಡೆ ಹೊಸದಾಗಿ ನೆಲೆಸಿದವು. ಹುಟ್ಟಿದ ನೆಲವನ್ನು ಬಿಡುವುದು ಸುಲಭವಲ್ಲ. ಅವರು ಬಿಟ್ಟುಬಂದ ಕಾಡು ನಿಜವಾಗಿಯೂ ಹುಲಿಗೆ ನೆಲೆಯಾಯಿತೇ ಎಂಬುದನ್ನು ಸತ್ಯವಾಗಿ ಎಣಿಸಿ ಹೇಳುವುದು ಅವರಿಗೆ ಸಲ್ಲಬೇಕಾದ ಋಣ. ಸುಳ್ಳು ಲೆಕ್ಕ ಹುಲಿಗೂ ದ್ರೋಹ, ಮನುಷ್ಯನಿಗೂ ದ್ರೋಹ.

ಹುಲಿಯನ್ನು ಇಂದಲ್ಲ ನಾಳೆ ಯಾರಾದರೂ ಕಣ್ಣಿಂದ ಕಂಡಾರು. ಯಾರ ಕಣ್ಣಿಗೂ ಎಂದೆಂದೂ ಬೀಳಲಾರದ ವಸ್ತುವಿನ ಗುರುತನ್ನು ಹುಡುಕುವುದು ಹೇಗೆ? ಇದಕ್ಕೆ ಉತ್ತರ ಕಾಣಲು ನಾವು ಮಲೆನಾಡಿನಿಂದ ಇಳಿದು ಪೂರ್ವದ ಕೋಲಾರಕ್ಕೆ ಹೋಗಬೇಕು.

ಹೆಬ್ಬೆರಳಿನ ಉಗುರನ್ನು ನೋಡಿಕೊಳ್ಳಿರಿ. ಅಷ್ಟು ಚಿಕ್ಕ ಎಡೆಯ ಮೂಲಕ ಪ್ರತಿ ಸೆಕೆಂಡಿಗೆ ಸುಮಾರು 6,500 ಕೋಟಿ ಕಣಗಳು ಹಾದುಹೋಗುತ್ತಿವೆ. ಅವು ಸೂರ್ಯನ ಗರ್ಭದಲ್ಲಿ ಹುಟ್ಟಿ ಬಂದ ನ್ಯೂಟ್ರಿನೊ ಎಂಬ ಕಣಗಳು. ನಮಗೆ ನೋವಿಲ್ಲ, ಬಿಸಿಯಿಲ್ಲ, ಏನೂ ತಿಳಿಯುವುದಿಲ್ಲ. ಅವು ನಮ್ಮನ್ನು ಹಾದಂತೆಯೇ ಇಡೀ ಭೂಮಿಯನ್ನೂ ಹಾದುಹೋಗುತ್ತವೆ. ಇಂತಹ ಕಣವೊಂದು ಇರಬೇಕೆಂದು 1930ರಲ್ಲಿ ಪೌಲಿ ಎಂಬ ವಿಜ್ಞಾನಿ ಊಹಿಸಿದರು. ಅದರ ಮೊದಲ ಗುರುತು ಅಮೆರಿಕದ ಪರಮಾಣು ಸ್ಥಾವರವೊಂದರ ಬಳಿ ಸಿಕ್ಕಿದುದು 1956ರಲ್ಲಿ. ಆದರೆ ಭೂಮಿಯ ವಾತಾವರಣದಲ್ಲಿ ತಾವಾಗಿಯೇ ಹುಟ್ಟುವ ನ್ಯೂಟ್ರಿನೊಗಳನ್ನು ಅದುವರೆಗೆ ಯಾರೂ ಗುರುತಿಸಿರಲಿಲ್ಲ.

ಆಕಾಶದಿಂದ ಬರುವ ವಿಶ್ವಕಿರಣಗಳು ಗಾಳಿಯ ಮೇಲ್ಪದರಕ್ಕೆ ಬಡಿದಾಗ ಹಲವು ಕಣಗಳು ಹುಟ್ಟುತ್ತವೆ. ಅವುಗಳಲ್ಲಿ ಮ್ಯೂಆನ್ ಎಂಬುದು ಒಂದು, ನ್ಯೂಟ್ರಿನೊ ಇನ್ನೊಂದು. ನೆಲದ ಮೇಲೆ ಮ್ಯೂಆನುಗಳ ಮಳೆಯೇ ಸುರಿಯುತ್ತಿರುತ್ತದೆ. ಸಂತೆಯ ಗದ್ದಲದಲ್ಲಿ ಪಿಸುಮಾತು ಕೇಳಿಸೀತೆ? ಹಾಗೆಯೇ ಈ ಮಳೆಯಲ್ಲಿ ಅಪರೂಪದ ನ್ಯೂಟ್ರಿನೊದ ಗುರುತು ತಿಳಿಯುವುದಿಲ್ಲ. ಗದ್ದಲವಿಲ್ಲದ ಎಡೆ ಬೇಕು. ಅಂತಹ ಎಡೆ ನೆಲದಾಳದಲ್ಲಿ ಮಾತ್ರ ಉಂಟು. ಜಗತ್ತಿನ ಅತಿ ಆಳವಾದ ಗಣಿಗಳಲ್ಲಿ ಒಂದಾಗಿದ್ದ ಕೋಲಾರದ ಚಿನ್ನದ ಗಣಿಯನ್ನು ವಿಜ್ಞಾನಿಗಳು ಆರಿಸಿಕೊಂಡುದು ಈ ಕಾರಣಕ್ಕಾಗಿಯೇ. ನಂಜನಗೂಡಿನಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್ ಅವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಿಂದ ಬಂದು, 1950ರ ದಶಕದ ಮೊದಲ ವರ್ಷಗಳಲ್ಲಿಯೇ ಈ ಗಣಿಯಲ್ಲಿ ಮ್ಯೂಆನುಗಳನ್ನು ಅಳೆದಿದ್ದರು. ಕೆಳಗಿಳಿದಂತೆಲ್ಲ ಮ್ಯೂಆನುಗಳು ಕಡಿಮೆಯಾಗುತ್ತ ಹೋದವು. ಅತಿ ಆಳದಲ್ಲಿ ಉಪಕರಣಗಳು ಮೌನವಾಗಿಯೇ ಇದ್ದುವು. ಇತರರು ಈ ಮೌನವನ್ನು ಸೋಲೆಂದು ಭಾವಿಸಬಹುದಾಗಿತ್ತು. ಈ ವಿಜ್ಞಾನಿಗಳು ಅದನ್ನು ಅವಕಾಶವೆಂದು ತಿಳಿದರು. ಇಷ್ಟು ನಿಶ್ಶಬ್ದವಾದ ಎಡೆಯಲ್ಲಿ ಒಂದು ಮಿಂಚು ಕಂಡರೂ ಅದು ನ್ಯೂಟ್ರಿನೊದ್ದೇ ಆಗಿರಬೇಕಲ್ಲವೆ?

ಟಾಟಾ ಸಂಸ್ಥೆ, ಜಪಾನಿನ ಒಸಾಕ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾನಿಲಯಗಳ ವಿಜ್ಞಾನಿಗಳು ಒಂದುಗೂಡಿ, ಸುಮಾರು 2,300 ಮೀಟರು ಆಳದಲ್ಲಿ ಉಪಕರಣಗಳನ್ನು ನಿಲ್ಲಿಸಿದರು. ಅವುಗಳನ್ನು ಹಾಸಿದಂತೆ ಮಲಗಿಸದೆ ಗೋಡೆಯಂತೆ ನಿಲ್ಲಿಸಿದುದರಲ್ಲಿ ಒಂದು ಜಾಣ್ಮೆಯಿತ್ತು. ಅಷ್ಟು ಆಳಕ್ಕೂ ಹೇಗೋ ತಪ್ಪಿಸಿಕೊಂಡು ಬಂದ ಮ್ಯೂಆನು ಮೇಲಿನಿಂದ ನೇರವಾಗಿ ಇಳಿಯುತ್ತದೆ. ಪಕ್ಕದಿಂದ ಅಡ್ಡವಾಗಿ ಬರಬೇಕಾದರೆ ಅದು ಹಲವು ಪಟ್ಟು ಹೆಚ್ಚು ದಪ್ಪದ ಬಂಡೆಯನ್ನು ಸೀಳಿ ಬರಬೇಕು. ಅದು ಅದರಿಂದಾಗದ ಕೆಲಸ. ಆದುದರಿಂದ ಅಡ್ಡವಾಗಿ ಹಾದ ಗೆರೆ ಕಂಡರೆ, ಅದು ಸಮೀಪದ ಬಂಡೆಗೆ ಬಡಿದ ನ್ಯೂಟ್ರಿನೊದಿಂದ ಹುಟ್ಟಿದ ಕಣದ್ದೇ ಸರಿ. ತಿಂಗಳುಗಟ್ಟಲೆ ಕಾದ ಮೇಲೆ ಅಂತಹ ಬೆರಳೆಣಿಕೆಯ ಗೆರೆಗಳು ಸಿಕ್ಕಿದುವು. 1965ರ ಆಗಸ್ಟಿನಲ್ಲಿ ಅವರ ಲೇಖನ ಪ್ರಕಟವಾಯಿತು. ಅದೇ ವರ್ಷ ದಕ್ಷಿಣ ಆಫ್ರಿಕದ ಗಣಿಯೊಂದರಲ್ಲಿ ಇನ್ನೊಂದು ತಂಡಕ್ಕೂ ಇದೇ ಗುರುತು ಸಿಕ್ಕಿತು. ಒಂದೂರಿನವರು ಕಂಡುದನ್ನು ಇನ್ನೊಂದೂರಿನವರೂ ಬೇರೆಯಾಗಿ ಕಂಡರೆ ಸಾಕ್ಷ್ಯ ಬಲಗೊಳ್ಳುತ್ತದೆ.

ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಆದರೆ ನೆಲದಾಳದಲ್ಲಿ ಕುಳಿತು ನ್ಯೂಟ್ರಿನೊಗಳಿಗಾಗಿ ಕಾಯುವ ಕೆಲಸ ನಿಲ್ಲಲಿಲ್ಲ. ಜಪಾನಿನ ಕಮಿಯೋಕ ಗಣಿಯಲ್ಲಿ 50,000 ಟನ್ನು ನೀರು ತುಂಬಿದ ತೊಟ್ಟಿಯನ್ನು ಕಟ್ಟಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳನ್ನೇ ಪರೀಕ್ಷಿಸಿದವರು, ಅವು ದಾರಿಯಲ್ಲಿ ಒಂದು ಬಗೆಯಿಂದ ಇನ್ನೊಂದು ಬಗೆಗೆ ಬದಲಾಗುತ್ತವೆಂದು 1998ರಲ್ಲಿ ತೋರಿಸಿದರು. ಹಾಗೆ ಬದಲಾಗಬೇಕಾದರೆ ಅವುಗಳಿಗೆ ಅತ್ಯಲ್ಪವಾದರೂ ರಾಶಿ ಇರಲೇಬೇಕು. ನ್ಯೂಟ್ರಿನೊಗಳಿಗೆ ರಾಶಿಯೇ ಇಲ್ಲವೆಂದು ಅದುವರೆಗೆ ಇದ್ದ ಎಣಿಕೆ ತಪ್ಪಾಯಿತು. ಜಪಾನಿನ ಕಜಿತ ಅವರಿಗೂ ಕೆನಡಾದ ಇನ್ನೊಂದು ಗಣಿಯಲ್ಲಿ ಇದನ್ನು ಬೇರೆ ಬಗೆಯಿಂದ ಸಾಧಿಸಿದ ಮೆಕ್‌ಡೊನಾಲ್ಡ್ ಅವರಿಗೂ 2015ರ ನೊಬೆಲ್ ಪಾರಿತೋಷಕ ಸಂದಿತು.

ಇನ್ನು ನೆಲದಾಳದಿಂದ ಆಕಾಶಕ್ಕೆ ಏರೋಣ. ಅಲ್ಲಿಯೂ ಕಾಣದ ವಸ್ತುಗಳುಂಟು. ಕಪ್ಪುಕುಳಿ ಎಂಬುದು ಅವುಗಳಲ್ಲಿ ಮುಖ್ಯವಾದುದು. ಭಾರಿ ನಕ್ಷತ್ರವೊಂದು ತನ್ನ ಇಂಧನ ಮುಗಿದು ತನ್ನೊಳಗೇ ಕುಸಿದಾಗ, ಅದರ ಗುರುತ್ವಾಕರ್ಷಣೆ ಬೆಳಕನ್ನೂ ಹೊರಕ್ಕೆ ಬಿಡದಷ್ಟು ಬಲವಾಗುತ್ತದೆ. ಬೆಳಕೇ ಬಾರದ ವಸ್ತುವನ್ನು ದೂರದರ್ಶಕದಿಂದ ನೋಡುವುದೆಂತು? ಐವತ್ತು ಅರವತ್ತು ವರ್ಷಗಳ ಹಿಂದೆ ಇಂತಹ ವಸ್ತು ನಿಜವಾಗಿ ಇರಬಲ್ಲುದೆಂದು ನಂಬದ ವಿಜ್ಞಾನಿಗಳು ಹಲವರಿದ್ದರು.

ಆ ಕಾಲದಲ್ಲಿ ಕಪ್ಪುಕುಳಿಯ ಗುರುತು ಎಂತಹದಿರಬಹುದೆಂದು ಯೋಚಿಸಿದವರಲ್ಲಿ ಬೆಂಗಳೂರಿನ ಸಿ. ವಿ. ವಿಶ್ವೇಶ್ವರ ಅವರು ಒಬ್ಬರು. ಇವರು ಕನ್ನಡ ಸಾಹಿತಿ ಸಿ. ಕೆ. ವೆಂಕಟರಾಮಯ್ಯನವರ ಪುತ್ರರು; 1938ರಲ್ಲಿ ಜನಿಸಿದವರು. ಅಮೆರಿಕದಲ್ಲಿ ಸಂಶೋಧನೆ ನಡೆಸುತ್ತಿದ್ದಾಗ ಅವರು ಒಂದು ಸರಳವಾದ ಪ್ರಶ್ನೆಯನ್ನು ಕೇಳಿಕೊಂಡರು: ಕಪ್ಪುಕುಳಿಯನ್ನು ಬಡಿದರೆ ಏನಾದೀತು? ದೇವಸ್ಥಾನದ ಗಂಟೆಯನ್ನು ನೆನೆಯಿರಿ. ಬಡಿದೊಡನೆ ಅದು ಗಣಗಣಿಸಿ, ನಾದ ಕ್ರಮಕ್ರಮವಾಗಿ ಕುಗ್ಗಿ ಅಡಗುತ್ತದೆ. ಕಣ್ಣು ಮುಚ್ಚಿಕೊಂಡಿದ್ದರೂ ಆ ನಾದದಿಂದಲೇ ಗಂಟೆ ದೊಡ್ಡದೋ ಚಿಕ್ಕದೋ ಎಂದು ಹೇಳಬಹುದು. ಗುರುತ್ವ ತರಂಗಗಳಿಂದ ಬಡಿದಾಗ ಕಪ್ಪುಕುಳಿಯೂ ಹೀಗೆಯೇ ಮಿಡಿದು, ಬಲುಬೇಗ ಕುಗ್ಗಿ ಅಡಗುವ ತರಂಗಗಳನ್ನು ಹೊರಡಿಸುತ್ತದೆಂದು ಅವರು ಗಣಿತದಿಂದಲೂ ಗಣಕಯಂತ್ರದಿಂದಲೂ ಲೆಕ್ಕ ಹಾಕಿ 1970ರಲ್ಲಿ ಪ್ರಕಟಿಸಿದರು. ಆ ಮಿಡಿತ ಕಪ್ಪುಕುಳಿಯ ಹೆಜ್ಜೆಯ ಗುರುತು. ಆದರೆ ಗುರುತ್ವ ತರಂಗಗಳನ್ನೇ ಅದುವರೆಗೆ ಯಾರೂ ನೇರವಾಗಿ ಹಿಡಿದಿರಲಿಲ್ಲ. ಅವುಗಳ ಇರವನ್ನು 1916ರಲ್ಲಿ ಐನ್‌ಸ್ಟೈನ್ ಊಹಿಸಿದ್ದರು, ಅಷ್ಟೆ.

ವಿಶ್ವೇಶ್ವರ ಅವರು ಸ್ವದೇಶಕ್ಕೆ ಹಿಂದಿರುಗಿದರು. ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರಾಗಿ ಸಾವಿರಾರು ಮಕ್ಕಳಿಗೆ ಆಕಾಶವನ್ನು ತೋರಿಸಿದರು. ನಲವತ್ತೈದು ವರ್ಷಗಳು ಕಳೆದವು. 2015ರ ಸೆಪ್ಟೆಂಬರ್ 14ರಂದು ಅಮೆರಿಕದಲ್ಲಿ ಸುಮಾರು 3,000 ಕಿಲೋಮೀಟರು ಅಂತರದಲ್ಲಿರುವ ಎರಡು ಲೈಗೋ ವೀಕ್ಷಣಾಲಯಗಳಲ್ಲಿ ಒಂದೇ ಬಗೆಯ ನಡುಕ ದಾಖಲಾಯಿತು. ಅಲ್ಲಿನ ಉಪಕರಣಗಳ ತೋಳು ಒಂದೊಂದೂ 4 ಕಿಲೋಮೀಟರು ಉದ್ದ. ಆ ಉದ್ದದಲ್ಲಿ ಆದ ವ್ಯತ್ಯಾಸ ಒಂದು ಪ್ರೋಟಾನಿನ ವ್ಯಾಸದ ನೂರಾರು ಪಾಲುಗಳಲ್ಲಿ ಒಂದು ಪಾಲು! ಇದು ಲಾರಿಯ ಓಡಾಟದ ನಡುಕವೋ, ಭೂಮಿಯ ಕಂಪನವೋ, ಉಪಕರಣದ ದೋಷವೋ ಎಂದು ಒಂದೊಂದಾಗಿ ಪರೀಕ್ಷಿಸಿ, ಯಾವುದೂ ಅಲ್ಲವೆಂದು ಖಚಿತವಾದ ಮೇಲೆಯೇ, ಸುಮಾರು ಐದು ತಿಂಗಳು ಕಳೆದು 2016ರ ಫೆಬ್ರುವರಿ 11ರಂದು ವಿಷಯವನ್ನು ಪ್ರಕಟಿಸಿದರು. ಸುಮಾರು 130 ಕೋಟಿ ಜ್ಯೋತಿರ್ವರ್ಷಗಳಷ್ಟು ದೂರದಲ್ಲಿ ಎರಡು ಕಪ್ಪುಕುಳಿಗಳು ಡಿಕ್ಕಿ ಹೊಡೆದು ಒಂದಾಗಿದ್ದವು. ತರಂಗದ ಕೊನೆಯಲ್ಲಿ, ಹೊಸದಾಗಿ ಹುಟ್ಟಿದ ಕಪ್ಪುಕುಳಿ ಗಂಟೆಯಂತೆ ಮಿಡಿದು ಅಡಗಿದ ಗುರುತಿತ್ತು. ತಾವು ತರುಣರಾಗಿದ್ದಾಗ ಕಾಗದದ ಮೇಲೆ ಕಂಡುದು ನಿಜವಾದುದನ್ನು ವಿಶ್ವೇಶ್ವರ ಅವರು ತಮ್ಮ ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ತಿಳಿದರು. ಮರುವರ್ಷ, 2017ರ ಜನವರಿಯಲ್ಲಿ ಅವರು ಕಾಲವಾದರು. 2025ರ ಜನವರಿ 14ರಂದು ಇನ್ನೂ ಸ್ಪಷ್ಟವಾದ ತರಂಗವೊಂದು ಸಿಕ್ಕಿ, ಅದರಲ್ಲಿ ಈ ಮಿಡಿತದ ಒಂದಕ್ಕಿಂತ ಹೆಚ್ಚು ಸ್ವರಗಳನ್ನು ಗುರುತಿಸಲು ಸಾಧ್ಯವಾಯಿತು.

ಹುಲಿ ಕಾಡಿನಲ್ಲಿ ಅಡಗಿದೆ. ನ್ಯೂಟ್ರಿನೊ ಬಂಡೆಯನ್ನು ಹಾದುಹೋಗುತ್ತದೆ. ಕಪ್ಪುಕುಳಿ ಕೋಟಿ ಕೋಟಿ ಯೋಜನಗಳ ಆಚೆಗಿದೆ. ಆದರೆ ಇವೆಲ್ಲಕ್ಕಿಂತ ನಮಗೆ ಹತ್ತಿರವಿದ್ದೂ ಕಾಣದಿರುವುದು ಒಂದುಂಟು. ಅದು ಮನಸ್ಸು. ಕಾಲು ಮುರಿದವನ ನೋವು ಎಲ್ಲರಿಗೂ ಕಾಣುತ್ತದೆ. ಮನಸ್ಸು ನೊಂದವನದು ಕಾಣುವುದಿಲ್ಲ. ನಾವು ಮೊದಲು ಹೇಳಿದ ಎರಡು ತಪ್ಪುಗಳೂ ಇಲ್ಲಿ ಒಟ್ಟಿಗೆ ನಡೆಯುತ್ತವೆ. "ಅವನಿಗೇನೂ ಆಗಿಲ್ಲ, ಸೋಮಾರಿತನ" ಎಂದು ಕೆಲವರು ಕಾಯಿಲೆಯನ್ನೇ ಅಲ್ಲಗಳೆಯುತ್ತಾರೆ. "ಗಾಳಿ ಸೋಂಕಿದೆ, ದೆವ್ವ ಹಿಡಿದಿದೆ" ಎಂದು ಮತ್ತೆ ಕೆಲವರು ಗುರುತಿಲ್ಲದುದನ್ನು ನಂಬುತ್ತಾರೆ. ಎರಡರ ನಡುವೆ ಸಿಕ್ಕಿ ನರಳುವವನು ರೋಗಿ.

ಮನಸ್ಸನ್ನು ಅಳೆಯುವ ಕೋಲು ಯಾವುದು? ಮನಸ್ಸು ಕಾಣದಿದ್ದರೂ ಮನುಷ್ಯನ ನಡೆನುಡಿಯಲ್ಲಿ ಅದರ ಗುರುತು ಬಿದ್ದೇ ಬೀಳುತ್ತದೆ. ಆತನು ಸ್ನಾನ, ಊಟಗಳನ್ನು ತಾನಾಗಿಯೇ ಮಾಡಿಕೊಳ್ಳುವನೆ? ಮನೆಯವರೊಡನೆ, ನೆರೆಯವರೊಡನೆ ಬೆರೆಯುವನೆ? ಇತರರ ಮಾತನ್ನು ತಿಳಿದು ಉತ್ತರ ಕೊಡಬಲ್ಲನೆ? ದುಡಿಯಬಲ್ಲನೆ? ಈ ನಾಲ್ಕನ್ನೂ ಗೊತ್ತಾದ ಪ್ರಶ್ನೆಗಳಿಂದ ಕೇಳಿ, ಪ್ರತಿಯೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಡುವ ಕ್ರಮವನ್ನು ನಮ್ಮ ದೇಶದ ಮನೋವೈದ್ಯರು ರೂಪಿಸಿದ್ದಾರೆ. ಯಾರು ಕೇಳಿದರೂ ಪ್ರಶ್ನೆ ಅದೇ, ಅಳತೆ ಅದೇ. ಆದುದರಿಂದ ಕೇಳುವವರ ಮರುಕವಾಗಲಿ ತಾತ್ಸಾರವಾಗಲಿ ಅಂಕವನ್ನು ಕೆಡಿಸುವ ಸಂಭವ ಕಡಿಮೆ.

ಈ ಅಳತೆಯನ್ನು ಹಿಡಿದು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು 2005ರಿಂದ ಮಲೆನಾಡಿನದೇ ಆದ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಒಂದು ಅಧ್ಯಯನ ನಡೆಸಿದರು. ರೋಗಿಗಳು ಆಸ್ಪತ್ರೆಗೆ ಬರಲೆಂದು ಅವರು ಕಾದು ಕೂರಲಿಲ್ಲ. ಆರೋಗ್ಯ ಕಾರ್ಯಕರ್ತರ ನೆರವಿನಿಂದ ಹಳ್ಳಿಹಳ್ಳಿಯಲ್ಲಿ ಸ್ಕಿಜೋಫ್ರೀನಿಯ ಎಂಬ ತೀವ್ರ ಮನೋರೋಗದಿಂದ ನರಳುತ್ತಿದ್ದವರನ್ನು ಹುಡುಕಿದರು. ಅವರಲ್ಲಿ ಔಷಧವನ್ನೇ ಕಾಣದವರೂ ಇದ್ದರು. ಔಷಧ ಪಡೆದವರನ್ನೂ ಪಡೆಯದವರನ್ನೂ ಒಂದು ವರ್ಷದ ಬಳಿಕ ಅದೇ ಅಳತೆಯಿಂದ ಹೋಲಿಸಿ ನೋಡಿದಾಗ ವ್ಯತ್ಯಾಸ ಸ್ಪಷ್ಟವಾಗಿತ್ತು. ಔಷಧ ಪಡೆದವರ ಅಸಾಮರ್ಥ್ಯ ಗಮನಾರ್ಹವಾಗಿ ತಗ್ಗಿತ್ತು. ಪಡೆಯದವರದು ಹೆಚ್ಚು ಕಡಿಮೆ ಇದ್ದಂತೆಯೇ ಇತ್ತು. ಅಸಾಮರ್ಥ್ಯ ತಗ್ಗುವುದೆಂದರೆ ತನ್ನ ಊಟವನ್ನು ತಾನು ಮಾಡಿ, ನೆರೆಯವನೊಡನೆ ಮಾತಾಡಿ, ತೋಟದ ಕೆಲಸಕ್ಕೆ ಹೋಗಬಲ್ಲ ಮನುಷ್ಯನು ಮತ್ತೆ ಮನೆಗೆ ದೊರಕಿದನೆಂದೇ ಅರ್ಥ.

2015–16ರಲ್ಲಿ ಇದೇ ಸಂಸ್ಥೆಯ ಮುಂದಾಳುತನದಲ್ಲಿ ದೇಶದ 12 ರಾಜ್ಯಗಳಲ್ಲಿ ಮಾನಸಿಕ ಆರೋಗ್ಯದ ಸಮೀಕ್ಷೆ ನಡೆಯಿತು. ವಯಸ್ಕರಲ್ಲಿ ನೂರಕ್ಕೆ ಸುಮಾರು 10.6 ಮಂದಿ ಒಂದಲ್ಲ ಒಂದು ಮಾನಸಿಕ ತೊಂದರೆಯಿಂದ ಬಳಲುತ್ತಿದ್ದರು. ಬೇರೆ ಬೇರೆ ಕಾಯಿಲೆಗಳಲ್ಲಿ ಚಿಕಿತ್ಸೆ ದೊರೆಯದವರ ಪ್ರಮಾಣ ನೂರಕ್ಕೆ 70ರಿಂದ 92ರವರೆಗೆ ಇತ್ತು. ನಿಮ್ಮ ಬೀದಿಯ ಮನೆಗಳನ್ನು ನೆನೆದುಕೊಂಡರೆ ಈ ಅಂಕಿಗಳ ಅರ್ಥ ತಿಳಿಯುತ್ತದೆ. ಮನಸ್ಸಿನ ಸಂಕಟವನ್ನು ಯಾರಿಗಾದರೂ ಹೇಳಿಕೊಳ್ಳಬೇಕೆನಿಸಿದರೆ ಮನೆಯ ಹಿರಿಯರಿಗೋ, ನಂಬುಗೆಯ ಉಪಾಧ್ಯಾಯರಿಗೋ ಹೇಳಬಹುದು. 2022ರಲ್ಲಿ ಸರ್ಕಾರ ಆರಂಭಿಸಿದ ಟೆಲಿ-ಮನಸ್ ಎಂಬ ಉಚಿತ ದೂರವಾಣಿ ಸೇವೆಗೆ, 14416 ಎಂಬ ಸಂಖ್ಯೆಗೆ, ಕರೆ ಮಾಡಿಯೂ ಹೇಳಬಹುದು. ಅದರಲ್ಲಿ ನಾಚಿಕೆಪಡತಕ್ಕದ್ದು ಏನೂ ಇಲ್ಲ.

ಈ ನಾಲ್ಕು ಕಥೆಗಳನ್ನು ಒಟ್ಟಿಗೆ ಇಟ್ಟು ನೋಡಿರಿ. ಹುಲಿಯ ಪಟ್ಟೆ, ಗಣಿಯಾಳದ ಅಡ್ಡಗೆರೆ, ಕಪ್ಪುಕುಳಿಯ ಮಿಡಿತ, ರೋಗಿಯ ನಡೆನುಡಿ ಇವೆಲ್ಲವೂ ಕಾಣದುದರ ಗುರುತುಗಳೇ. ಗುರುತನ್ನು ಕಂಡೊಡನೆ ಆತುರಪಡದೆ, ಇದು ಬೇರೊಂದರದಾಗಿರಬಹುದೇ ಎಂದು ತಮ್ಮನ್ನೇ ತಾವು ಕೇಳಿಕೊಂಡವರು ಈ ವಿಜ್ಞಾನಿಗಳು. ಹಿಂದಿನವರ ಲೆಕ್ಕ ತಪ್ಪೆಂದು ತಿಳಿದಾಗ ಅದನ್ನು ತಿದ್ದಿದರು. ತಮ್ಮ ಲೆಕ್ಕವನ್ನು ಮುಂದಿನವರು ತಿದ್ದಲೆಂದು ತೆರೆದಿಟ್ಟರು. ಒಬ್ಬರು ತಿಂಗಳುಗಟ್ಟಲೆ ಕಾದರು. ಇನ್ನೊಬ್ಬರು ನಲವತ್ತೈದು ವರ್ಷ ಕಾದರು.

ಇಂತಹ ಬುದ್ಧಿ ವಿಜ್ಞಾನಿಗಳಿಗೆ ಮಾತ್ರ ಬೇಕಾದುದಲ್ಲ. ನೆರೆಯವನ ವಿಷಯವಾಗಿ ಒಂದು ಮಾತು ಕಿವಿಗೆ ಬಿದ್ದಾಗ, ಅದರ ಗುರುತೇನು ಎಂದು ಕೇಳುವ ಹುಡುಗ ವದಂತಿಯನ್ನು ಹರಡಲಾರನು. ಗೆಳತಿಯ ಮೌನದಲ್ಲಿ ಏನೋ ನೋವಿರಬಹುದೆಂದು ಗುರುತಿಸುವ ಹುಡುಗಿ ಅವಳನ್ನು ಒಂಟಿಯಾಗಿ ಬಿಡಲಾರಳು. ಲಿಂಗದಹಳ್ಳಿಯ ಬೆಟ್ಟದ ಕಡೆಯಿಂದ ಇರುಳಿನಲ್ಲಿ ಜಿಂಕೆಯ ಕೂಗು ಕೇಳಿದಾಗ ಹಿರಿಯರು ಕಿವಿಗೊಟ್ಟು ಆಲಿಸುವುದುಂಟು. ಹುಲಿಯೆಂದು ಕೂಡಲೇ ಕೂಗುವುದಿಲ್ಲ. ಏನೂ ಇಲ್ಲವೆಂದು ಮಗ್ಗುಲು ಹೊರಳಿ ಮಲಗುವುದೂ ಇಲ್ಲ. ಬೆಳಗಾದ ಮೇಲೆ ಹೋಗಿ ಹೆಜ್ಜೆಯನ್ನು ನೋಡುತ್ತಾರೆ.

ಅಭ್ಯಾಸ

1. ಕಾಣದುದನ್ನು ಕುರಿತು ಮನುಷ್ಯನು ತಪ್ಪುವ ಎರಡು ಬಗೆಗಳು ಯಾವುವು? ಪಾಠದಿಂದ ಒಂದೊಂದು ಉದಾಹರಣೆ ಕೊಡಿ.
2. ಹೆಜ್ಜೆಯ ಗುರುತಿನಿಂದ ಹುಲಿಗಳನ್ನು ಎಣಿಸುವ ಕ್ರಮ ಏಕೆ ನೆಚ್ಚತಕ್ಕದ್ದಾಗಿರಲಿಲ್ಲ?
3. ಕೋಲಾರದ ಗಣಿಯಲ್ಲಿ ಉಪಕರಣಗಳನ್ನು ಗೋಡೆಯಂತೆ ನಿಲ್ಲಿಸಲು ಕಾರಣವೇನು?
4. ಕಪ್ಪುಕುಳಿಯನ್ನು ಗಂಟೆಗೆ ಹೋಲಿಸಿರುವ ಔಚಿತ್ಯವನ್ನು ವಿವರಿಸಿ.
5. ‘ಸುಳ್ಳು ಲೆಕ್ಕ ಹುಲಿಗೂ ದ್ರೋಹ, ಮನುಷ್ಯನಿಗೂ ದ್ರೋಹ.’ ಈ ಮಾತನ್ನು ಭದ್ರಾ ಕಾಡಿನ ಸಂದರ್ಭದಲ್ಲಿ ಸಮರ್ಥಿಸಿ.
6. ಅವರೆಕಾಳಿನ ಪ್ರಯೋಗವನ್ನು ಮೂರು ಸಲ ಮಾಡಿ, ಪ್ರತಿ ಸಲದ ಲೆಕ್ಕವನ್ನೂ ಬರೆಯಿರಿ. ಅನಂತರ ಎಲ್ಲ ಕಾಳುಗಳನ್ನೂ ಎಣಿಸಿ, ನಿಮ್ಮ ಅಂದಾಜು ಎಷ್ಟು ತಪ್ಪಿತೆಂಬುದನ್ನು ತರಗತಿಯಲ್ಲಿ ಹೇಳಿರಿ.